ಉಡಿ ಹೊತ್ತು ಮೆಲ್ಬರ್ನಿಗೆ

ನನ್ನ ತಂಗಿ ಫೋನಿನಲ್ಲಿ ಕನ್ನಡ ಮಾತಾಡಿದಳು. ನಾನು ಮೊದಲು ಹೆದರಿದ್ದು ಅದಕ್ಕೆ.

ಅವಳು ಹುಟ್ಟಿದ್ದು ಮುಂಬಯಿ ಹತ್ತಿರದ ಕಲ್ಯಾಣದಲ್ಲಿ. ನಾನು ಮಾತ್ರ ವಿಜಯಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಅಪ್ಪನಿಗೆ ಅಂಬರನಾಥದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಅವ್ವನ ಸೊಂಟದ ಮೇಲೆ ಕೂತು ಬಂದವಳು. ನನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ತಂಗಿಗೆ ಕನ್ನಡ ತಿಳಿಯುತ್ತಿತ್ತು, ಆದರೆ ಬಾಯಿಂದ ಬರುತ್ತಿರಲಿಲ್ಲ. ಅವ್ವ ಕನ್ನಡದಲ್ಲಿ ಬಯ್ದರೆ ಹಿಂದಿಯಲ್ಲಿ ಎದುರು ವಾದಿಸುತ್ತಿದ್ದಳು. ನಮ್ಮ ಚಾಳಿನ ಹುಡುಗರೆಲ್ಲ ಹೀಗೆಯೇ, ಅದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವಳಿಗೆ ವಾಶಿಯ ಒಬ್ಬ ಹುಡುಗನ ಜೊತೆ ಮದುವೆಯಾಯಿತು. ಉತ್ತರದ ಕಡೆಯ ಮನೆತನ, ಮನೆಯಲ್ಲಿ ಹಿಂದಿ. ಹುಡುಗ ಆಗಲೇ ಮೆಲ್ಬರ್ನಿನಲ್ಲಿದ್ದ, ಮದುವೆಯಾದ ಆರನೆಯ ದಿನ ಹೆಂಡತಿಯನ್ನು ಕರೆದುಕೊಂಡು ಹೋದ. ಬಹಳ ಮರ್ಯಾದಸ್ಥ. ನನ್ನನ್ನು ದೀದಿ ಎನ್ನುತ್ತಿದ್ದ, ಒಂದು ದಿನವೂ ದನಿ ಎತ್ತಿದವನಲ್ಲ. ಮೊದಲ ಮೂರು ವರ್ಷ ತಂಗಿ ವಿಡಿಯೊ ಕಾಲ್ ಮಾಡಿ ಅಲ್ಲಿನ ಕಡಲು, ಟ್ರಾಮು, ಮೊಸರಿನ ದೊಡ್ಡ ಡಬ್ಬ ಎಲ್ಲ ತೋರಿಸಿದಳು. ಆಮೇಲೆ ಕ್ಯಾಮೆರಾ ಕೆಟ್ಟಿದೆ ಎಂದಳು. ಕೆಟ್ಟ ಕ್ಯಾಮೆರಾ ಹನ್ನೊಂದು ತಿಂಗಳಾದರೂ ರಿಪೇರಿ ಆಗಲಿಲ್ಲ. ಫೋನು ಯಾವಾಗಲೂ ಸ್ಪೀಕರಿನ ಮೇಲಿರುತ್ತಿತ್ತು, ಹಿಂದೆ ಅವನು ಕೆಮ್ಮುವುದು ಕೇಳುತ್ತಿತ್ತು. ಊಟ ಆಯಿತೇ ಎಂದರೆ ಆಯಿತು, ಆರೋಗ್ಯವೇ ಎಂದರೆ ಆರೋಗ್ಯ. ನನಗೆ ಸಿಟ್ಟು ಬರುತ್ತಿತ್ತು. ಪರದೇಶಕ್ಕೆ ಹೋದ ಕೂಡಲೇ ಎರಡು ಮಾತಿಗೂ ಪುರುಸೊತ್ತಿಲ್ಲವೇ ಮಹಾರಾಣಿಗೆ ಎಂದು ನನ್ನ ಗಂಡನ ಮುಂದೆ ಗೊಣಗಿದ್ದೇನೆ. ಆ ಗೊಣಗಾಟ ಈಗ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆ.

ಆ ಭಾನುವಾರ ನಾನು ಡೊಂಬಿವಲಿಯಿಂದ ಅವ್ವನ ಮನೆಗೆ ಹೋಗಿದ್ದೆ. ತಂಗಿಯ ಫೋನು ಬಂತು. ಎಂದಿನಂತೆ ಹಿಂದಿ, ಮಳೆ ಬಂತಾ, ಅಪ್ಪನ ಉಬ್ಬಸ ಹೇಗಿದೆ ಎಂಬ ಮಾತು. ಇದ್ದಕ್ಕಿದ್ದಂತೆ, ಅದೇ ದನಿಯಲ್ಲಿ, ಒಂದಿಷ್ಟೂ ಏರಿಳಿತವಿಲ್ಲದೆ ಹೇಳಿದಳು:

"ಅಕ್ಕಾ, ನನ್ನ ಉಡಿ ತುಂಬಾಕ ಬಾ."

ಹಿಂದಿನಿಂದ ಅವನು ಏನು ಎಂದು ಕೇಳಿದ. ಏನಿಲ್ಲ, ಪೂಜೆಯ ವಿಷಯ ಎಂದು ಹಿಂದಿಯಲ್ಲಿ ಹೇಳಿ, ಮತ್ತೆ ಅಪ್ಪನ ಉಬ್ಬಸಕ್ಕೆ ಬಂದಳು. ನಮ್ಮ ಫೋನೂ ಸ್ಪೀಕರಿನ ಮೇಲಿತ್ತು, ಅವ್ವನಿಗೂ ಎಲ್ಲ ಕೇಳಿಸಿತ್ತು.

ನಮ್ಮ ಕಡೆ ಉಡಿ ತುಂಬುವುದೆಂದರೆ ಮನೆಯಿಂದ ಹೊರಟ ಹೆಣ್ಣುಮಗಳ ಸೆರಗಿಗೆ ಐದು ಮುಷ್ಟಿ ಅಕ್ಕಿ, ಒಣ ಕೊಬ್ಬರಿ, ಅಡಿಕೆ, ಅರಿಷಿಣದ ಕೊಂಬು, ಉತ್ತತ್ತಿ, ರವಿಕೆ ಬಟ್ಟೆಯ ಒಂದು ಖಣ ಹಾಕಿ ಕಳಿಸುವುದು. ಬಂದವಳಿಗಲ್ಲ, ಹೊರಟವಳಿಗೆ. ತುಂಬಿಸಿಕೊಂಡವಳು ಅದರಿಂದ ಒಂದು ಚಿಟಿಕೆ ಕಾಳು ತೆಗೆದು ತಟ್ಟೆಗೆ ಮರಳಿ ಹಾಕುತ್ತಾಳೆ. ಈ ಮನೆ ತುಂಬಿರಲಿ, ನಾನು ಮತ್ತೆ ಇಲ್ಲಿಗೆ ಬರುತ್ತೇನೆ ಎಂದು ಅದರ ಅರ್ಥ.

"ಹೊಂಟು ನಿಂತಾಕಿಗೆ ಉಡಿ ತುಂಬತಾರ," ಅಂದಳು ಅವ್ವ. "ಅಕಿ ಹೊಂಟಾಳ. ಹೊರಗ ಬರಾಕ ಆಗವಲ್ತು."

ನಾನು ಸಮಾಧಾನ ಹೇಳಲು ನೋಡಿದೆ. ಸುಮ್ಮನೆ ಊರಿನ ನೆನಪಾಗಿರಬಹುದು ಎಂದೆ. ಅವ್ವ ನನ್ನ ಕಡೆ ನೋಡಲೂ ಇಲ್ಲ, ಅಕ್ಕಿಯ ಡಬ್ಬದ ಮುಚ್ಚಳ ತೆಗೆದು ಒಳಗೆ ಕೈಯಾಡಿಸುತ್ತ ಕೂತಳು.

ನನ್ನ ಬಳಿ ಪಾಸ್‌ಪೋರ್ಟ್ ಇತ್ತು. ತಂಗಿ ಮೆಲ್ಬರ್ನಿಗೆ ಹೋದ ವರ್ಷವೇ ಹುರುಪಿನಲ್ಲಿ ಠಾಣೆ ಪಟ್ಟಣದ ಕಚೇರಿಗೆ ಹೋಗಿ ಮಾಡಿಸಿಕೊಂಡಿದ್ದೆ, ಅದರಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ. ಬೇಲಾಪುರದಲ್ಲಿ ಕೆಲಸ ಮಾಡುವ ನನ್ನ ಗಂಡ ಕಂಪ್ಯೂಟರ್ ಮುಂದೆ ಕೂತು ಪ್ರವಾಸಿ ವೀಸಾದ ಅರ್ಜಿ ತುಂಬಿದ. ತಂಗಿಯ ಗಂಡನಿಗೆ ನಾನೇ ಫೋನು ಮಾಡಿ, ಹತ್ತು ದಿನ ರಜೆ ಇದೆ, ನಿಮ್ಮ ಊರು ನೋಡಬೇಕು ಎಂದು ನಕ್ಕೆ. ಅವನೂ ನಕ್ಕ. ಅವಶ್ಯ ಬನ್ನಿ ದೀದಿ, ನಾನೇ ಕರೆದುಕೊಳ್ಳಲು ಬರುತ್ತೇನೆ, ನೀವು ಯಾರನ್ನೂ ಏನೂ ಕೇಳಬೇಕಾಗಿಲ್ಲ ಎಂದ. ಅಷ್ಟು ಬೇಗ ಒಪ್ಪಿದ್ದು ನನಗೆ ಸರಿ ಕಾಣಲಿಲ್ಲ.

ವೀಸಾ ಬರುವ ತನಕದ ಐದು ವಾರ ಎಂದಿನಂತೆ ಕೆಲಸಕ್ಕೆ ಹೋದೆ. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಅಕ್ಕಿ ವ್ಯಾಪಾರಿಯೊಬ್ಬರ ಗಾಳೆಯಲ್ಲಿ, ಅಂದರೆ ಮಳಿಗೆಯಲ್ಲಿ, ಇಪ್ಪತ್ತೆರಡು ವರ್ಷದಿಂದ ನಾನು ತೂಕದ ಕಾಟಾ ಚೀಟಿ, ಗೇಟ್ ಪಾಸ್ ಬರೆಯುವವಳು. ಚೀಲಕ್ಕೆ ಕೊಳವೆ ಚುಚ್ಚಿ ತೆಗೆದ ಅಕ್ಕಿಯನ್ನು ಅಂಗೈಯಲ್ಲಿ ಹರಡಿ, ಹುಳು ಕಂಡರೆ ಇಡೀ ಲಾರಿಯನ್ನೇ ಹಿಂದಕ್ಕೆ ಕಳಿಸಿದವಳು. ಈ ಮಾತು ಯಾಕೆ ಹೇಳಿದೆನೆಂದು ಮುಂದೆ ತಿಳಿಯುತ್ತದೆ. ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸುವಾಗ, ಮೆಟ್ಟಿಲ ಮೇಲೆ ಜನರ ನಡುವೆ ಸಿಕ್ಕಿ ನೂಕಿಸಿಕೊಳ್ಳುವಾಗ, ಹಿಂದಿನಿಂದ ಯಾರೋ ಅಕ್ಕಾ ಎಂದಂತಾಗುತ್ತಿತ್ತು. ಆ ಐದು ವಾರದಲ್ಲಿ ತಂಗಿ ಎರಡೇ ಸಲ ಫೋನು ಮಾಡಿದಳು. ಕನ್ನಡದ ಒಂದು ಅಕ್ಷರವೂ ಬರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವ್ವ ನನ್ನನ್ನು ದೇವರ ಮುಂದೆ ಮಣೆಯ ಮೇಲೆ ಕೂರಿಸಿದಳು. ತಂಗಿಯ ಉಡಿಯನ್ನು ನನ್ನ ಸೆರಗಿಗೆ ತುಂಬಿದಳು. ಕಾಳು ಮರಳಿ ಹಾಕುವ ಹೊತ್ತಿಗೆ ನನ್ನ ಕೈ ಹಿಡಿದು, "ಅಕಿ ಬದಲಿಗೆ ನೀನ ಹಾಕು," ಅಂದಳು. ನಾನು ಒಂದು ಚಿಟಿಕೆ ತಟ್ಟೆಗೆ ಹಾಕಿದೆ. ತಂಗಿ ಈ ಮನೆಗೆ ಬರುತ್ತಾಳೆ ಎಂದು ಆಗಿ ಹೋಯಿತು. ಆಮೇಲೆ ಎಲ್ಲವನ್ನೂ ಹಸಿರು ಖಣದಲ್ಲಿ ಹಾಕಿ ಗಂಟು ಕಟ್ಟಿ, ಇದನ್ನು ಅವಳ ಉಡಿಯಲ್ಲೇ ಬಿಚ್ಚಬೇಕು, ದಾರಿಯಲ್ಲಿ ಬಿಚ್ಚಿದರೆ ಒಳ್ಳೆಯದಲ್ಲ ಎಂದು ನಾಲ್ಕು ಸಲ ಹೇಳಿದಳು. ನನ್ನ ಲಂಗಕ್ಕೆ ಒಳಗಿನಿಂದ ಒಂದು ಕಿಸೆ ಹೊಲಿದಿದ್ದಳು, ಪಾಸ್‌ಪೋರ್ಟ್ ಅಲ್ಲಿಟ್ಟಳು. ಲೋಕಲ್ ಗಾಡಿಯಲ್ಲಿ ಓಡಾಡಿದ ಹೆಂಗಸಿಗೆ ಇಂಥ ಬುದ್ಧಿ ತಾನಾಗಿ ಬರುತ್ತದೆ. ಅಪ್ಪ ಬಾಗಿಲ ತನಕ ಬಂದು, ಅವಳನ್ನು ಬಿಟ್ಟು ಬರಬೇಡ ಎಂದಷ್ಟೇ ಹೇಳಿ ಒಳಗೆ ಹೋದ.

ಮುಂಬಯಿ ವಿಮಾನ ನಿಲ್ದಾಣದಲ್ಲೇ ಉಡಿಗೆ ಊನ ಬಂತು. ತಪಾಸಣೆಯ ಯಂತ್ರದಿಂದ ನನ್ನ ಕೈಚೀಲ ಹೊರಗೆ ಬರಲಿಲ್ಲ. ಒಣ ಕೊಬ್ಬರಿಗೆ ಬೆಂಕಿ ಬೇಗ ಹತ್ತುತ್ತದಂತೆ, ವಿಮಾನದಲ್ಲಿ ಒಯ್ಯುವಂತಿಲ್ಲವಂತೆ. ನಾನು ಗಂಟು ಬಿಚ್ಚುವುದಿಲ್ಲ ಎಂದು ಹಟ ಹಿಡಿದೆ. ಅಲ್ಲಿದ್ದ ಹೆಣ್ಣುಮಗಳು, ಮರಾಠಿಯವಳು, ಉಡಿಗೆ ಅವರಲ್ಲಿ ಓಟಿ ಎನ್ನುತ್ತಾರೆ, ಇದು ಓಟಿ ಅಲ್ಲವೇ ಎಂದು ಮೆಲ್ಲಗೆ ಕೇಳಿ, ಗಂಟನ್ನು ಬಿಚ್ಚದೆ ಪಕ್ಕದಿಂದ ಬೆರಳು ತೂರಿಸಿ ಕೊಬ್ಬರಿಯ ಬಟ್ಟಲನ್ನಷ್ಟೇ ಎಳೆದು ತೆಗೆದಳು. ಅವಳು ಒಳ್ಳೆಯವಳೇ. ಆದರೆ ಕೊಬ್ಬರಿ ಕಸದ ಡಬ್ಬಕ್ಕೆ ಬಿದ್ದ ಸದ್ದು ಕೇಳಿ, ಗಂಟು ಸಡಿಲವಾಗಿಲ್ಲ ತಾನೇ ಎಂದು ಎರಡು ಸಲ ಮುಟ್ಟಿ ನೋಡಿದೆ.

ವಿಮಾನದಲ್ಲಿ ಕೈಚೀಲವನ್ನು ಮುಂದಿನ ಸೀಟಿನ ಕೆಳಗಿಡಬೇಕೆಂದರು. ಉಡಿಯನ್ನು ಕಾಲ ಬಳಿ ಇಡುವುದು ಹೇಗೆ? ಗಂಟನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಮೇಲಿನಿಂದ ಶಾಲು ಹೊದ್ದು ಬೆಲ್ಟು ಬಿಗಿದೆ. ಗಗನಸಖಿ ಆ ಉಬ್ಬನ್ನು ನೋಡಿ, ಎಷ್ಟು ತಿಂಗಳು ಎಂದು ಕಳಕಳಿಯಿಂದ ಕೇಳಿದಳು. ನಲವತ್ತಮೂರು ವರ್ಷದ ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮುಂದಿನ ಪರದೆಯಲ್ಲಿ ಒಂದು ಪುಟ್ಟ ವಿಮಾನ ಸಮುದ್ರದ ಮೇಲೆ ಅಲುಗದೆ ನಿಂತಿತ್ತು. ಒಂದು ತಾಸು ಬಿಟ್ಟು ನೋಡಿದರೂ ಅಲ್ಲೇ. ಜೀವನದಲ್ಲಿ ನಾನು ಮಾಡಿದ ಅತಿ ದೂರದ ಪ್ರಯಾಣವೆಂದರೆ ಸೊಲ್ಲಾಪುರದ ಮೇಲೆ ಊರಿಗೆ ಹೋಗುವುದು. ಅಲ್ಲಿ ಬೇಡವೆನಿಸಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿಯಬಹುದು. ಇಲ್ಲಿ ಇಳಿಯುವಂತಿಲ್ಲ ಎಂಬುದು ನಡುದಾರಿಯಲ್ಲಿ ಮನಸ್ಸಿಗೆ ಬಂತು, ಆಮೇಲೆ ಹೋಗಲಿಲ್ಲ. ನನಗೆ ಹನ್ನೆರಡು ತಾಸಿಗೇ ಹೀಗಾದರೆ ಅವಳಿಗೆ ಹನ್ನೊಂದು ತಿಂಗಳು ಹೇಗಾಗಿರಬೇಕು ಎಂದುಕೊಂಡೆ. ಊಟ ಕೊಟ್ಟರು, ತಿಂದೆನೋ ಬಿಟ್ಟೆನೋ ನೆನಪಿಲ್ಲ.

ಇಳಿಯುವ ಮೊದಲು ಒಂದು ಕಾರ್ಡು ಹಂಚಿದರು. ಇಂಗ್ಲಿಷ್ ನನಗೆ ಓದಲು ಬರುತ್ತದೆ, ದಿನಾ ಬರೆಯುವ ಚೀಟಿಗಳೆಲ್ಲ ಅದರಲ್ಲೇ. ಆಹಾರ ಪದಾರ್ಥ ಇದೆಯೇ? ಇಲ್ಲ. ಧಾನ್ಯ, ಬೀಜ, ಕಾಯಿ, ಬೇರು ಇದೆಯೇ? ಇಲ್ಲ. ಪೆನ್ನು ಒಂದು ಕ್ಷಣವೂ ತಡವರಿಸಲಿಲ್ಲ. ಆ ದೇಶಕ್ಕೆ ತಿನ್ನುವ ಸಾಮಾನು ಒಯ್ಯಬಾರದೆಂದು ಎಲ್ಲರೂ ಹೇಳಿದ್ದರಿಂದ ನಾನು ಒಂದು ಚಮಚ ಶೇಂಗಾ ಚಟ್ನಿಯನ್ನೂ ತಂದಿರಲಿಲ್ಲ, ಅದರ ಬಗ್ಗೆ ಜಂಬವೂ ಇತ್ತು. ಮಡಿಲಲ್ಲಿ ಅಕ್ಕಿ, ಅಡಿಕೆ, ಉತ್ತತ್ತಿ, ಅರಿಷಿಣದ ಕೊಂಬು ಇಟ್ಟುಕೊಂಡೇ ಧಾನ್ಯವಿಲ್ಲ, ಬೇರಿಲ್ಲ ಎಂದು ಬರೆದೆ. ನಾನು ಸುಳ್ಳು ಹೇಳಲಿಲ್ಲ. ಉಡಿ ನನ್ನ ತಲೆಯಲ್ಲಿ ಸಾಮಾನೇ ಆಗಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಕ್ಕಿಯನ್ನೇ ನೋಡುವವಳಿಗೂ ಉಡಿಯ ಅಕ್ಕಿ ಅಕ್ಕಿಯಲ್ಲ. ಮುಂಬಯಿಯಲ್ಲಿ ಕೊಬ್ಬರಿ ಹೋದ ಮೇಲೂ ಬುದ್ಧಿ ಬರಲಿಲ್ಲ ಎಂದರೆ ಏನು ಹೇಳುವುದು.

ಮೆಲ್ಬರ್ನಿನಲ್ಲಿ ಸಾಲಿನಲ್ಲಿ ನಿಂತಾಗ ಒಂದು ನಾಯಿ ಬಂತು. ಬೊಗಳಲಿಲ್ಲ. ಇಳಿಯುವಾಗ ಗಂಟನ್ನು ಮತ್ತೆ ಒಳಗಿಟ್ಟಿದ್ದ ನನ್ನ ಕೈಚೀಲವನ್ನು ಮೂಸಿ, ಅದರ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಂಡಿತು. ನಾಯಿಯ ಹಗ್ಗ ಹಿಡಿದವನು ನನ್ನ ಮುಖ ನೋಡಿದ. ಅಕ್ಕಪಕ್ಕದವರು ಒಂದು ಹೆಜ್ಜೆ ದೂರ ಸರಿದರು.

ಒಳಗಿನ ಒಂದು ಉದ್ದ ಮೇಜಿನ ಮುಂದೆ ನನ್ನನ್ನು ನಿಲ್ಲಿಸಿದರು. ನೀಲಿ ಕೈಗವಸು ಹಾಕಿದ ಹೆಂಗಸೊಬ್ಬಳು, ನನ್ನದೇ ವಯಸ್ಸಿನ ಅಧಿಕಾರಿ, ಹಸಿರು ಗಂಟನ್ನು ಎತ್ತಿ ಬೆಳಕಿಗೆ ಹಿಡಿದಳು. ನಾನು ಬೇಡ ಬೇಡ ಎಂದು ಕೈ ಚಾಚಿದ್ದಕ್ಕೆ ಮುಟ್ಟಬಾರದೆಂದು ಗಟ್ಟಿಯಾಗಿ ಹೇಳಿದಳು. ಗಂಟು ಬಿಚ್ಚಿತು. ಬಿಳಿ ತಟ್ಟೆಯ ಮೇಲೆ ಅವ್ವನ ಅಕ್ಕಿ ಹರಡಿತು, ಅದರ ನಡುವಿನಿಂದ ಒಂದು ಕಪ್ಪು ಹುಳು ಮೆಲ್ಲಗೆ ಅಂಚಿನ ಕಡೆ ನಡೆಯಿತು. ಲಾರಿಗಟ್ಟಲೆ ಅಕ್ಕಿ ಹಿಂದಕ್ಕೆ ಕಳಿಸಿದವಳು ನಾನು, ಅವಳ ಜಾಗದಲ್ಲಿದ್ದರೆ ನಾನೂ ಬಿಡುತ್ತಿರಲಿಲ್ಲ. ಕಾರ್ಡಿನ ಮೇಲೆ ನನ್ನ ಸಹಿಯನ್ನು ಬೆರಳಿಟ್ಟು ತೋರಿಸಿ, ಸುಳ್ಳು ಬರೆದರೆ ವೀಸಾವನ್ನೇ ರದ್ದು ಮಾಡಿ ಮುಂದಿನ ವಿಮಾನಕ್ಕೆ ಹತ್ತಿಸಬಹುದು ಎಂದಳು. ಇಷ್ಟು ದೂರ ಬಂದು, ಅವಳಿರುವ ಊರಿನ ನೆಲ ಮುಟ್ಟಿ, ಮುಖ ನೋಡದೆ ಹಿಂದಿರುಗುವುದೇ? ಅಪ್ಪನ ಮಾತು ನೆನಪಾಯಿತು. ಇದ್ದ ಇಂಗ್ಲಿಷೆಲ್ಲ ಬಾಯಿಂದ ಹೋಯಿತು.

ಆಗ ಅವಳು ಫೋನಿನಲ್ಲಿ ಒಬ್ಬ ಕನ್ನಡ ದುಭಾಷಿಯನ್ನು ಹಿಡಿದಳು. ಬೆಂಗಳೂರಿನ ಕಡೆಯ ಗಂಡಸಿನ ದನಿ.

"ಮೇಡಂ, ಇದನ್ನ ಯಾಕೆ ತಂದ್ರಿ, ಯಾರಿಗೆ ತಂದ್ರಿ ಅಂತ ಕೇಳ್ತಿದ್ದಾರೆ. ಇದ್ದದ್ದು ಇದ್ದ ಹಾಗೆ ಹೇಳಿಬಿಡಿ."

ಹೇಳಿಬಿಟ್ಟೆ. ಉಡಿ ಎಂದರೇನು, ಯಾರಿಗೆ ತುಂಬುತ್ತಾರೆ, ಕೆಟ್ಟ ಕ್ಯಾಮೆರಾ, ಹಿಂದಿನಿಂದ ಕೇಳುವ ಕೆಮ್ಮು, ಯಾವತ್ತೂ ಇಲ್ಲದ ಆ ಒಂದು ಕನ್ನಡ ಸಾಲು. ಗಂಡನ ಮುಂದೆಯೂ ನಾನು ಇಷ್ಟು ಬಿಡಿಸಿ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು, ಅಳುತ್ತಲೇ ಮುಗಿಸಿದೆ. ದುಭಾಷಿ ಇಂಗ್ಲಿಷಿನಲ್ಲಿ ನಿಧಾನವಾಗಿ ಎಲ್ಲವನ್ನೂ ಒಪ್ಪಿಸಿದ. ಅಧಿಕಾರಿಯ ಕೈ ಅಕ್ಕಿಯ ಮೇಲೆ ನಿಂತಿತು.

"ನಿಮ್ಮ ತಂಗಿ ಆ ಮನೇಲಿ ಕ್ಷೇಮವಾಗಿದ್ದಾರಾ ಅಂತ ಕೇಳ್ತಿದ್ದಾರೆ."

"ಗೊತ್ತಿಲ್ರಿ," ಅಂದೆ. "ಅದನ್ನ ನೋಡಾಕ ಬಂದೀನಿ."

ಅಕ್ಕಿ, ಅಡಿಕೆ, ಉತ್ತತ್ತಿ, ಅರಿಷಿಣ ಎಲ್ಲವೂ ಒಂದು ಹಳದಿ ಚೀಲಕ್ಕೆ ಹೋದವು, ಸುಡುತ್ತಾರಂತೆ. ನನಗೆ ಒಂದು ಎಚ್ಚರಿಕೆಯ ಕಾಗದ ಕೊಟ್ಟರು. ಆಮೇಲೆ ಆ ಹೆಂಗಸು ಖಣವನ್ನು ಒದರಿ, ಎರಡೂ ಕಡೆ ನೋಡಿ, ಅಚ್ಚುಕಟ್ಟಾಗಿ ಮಡಿಸಿದಳು. ಮಡಿಕೆಯೊಳಗೆ ಒಂದು ಸಣ್ಣ ಕಾರ್ಡು ಇಟ್ಟು ನನ್ನ ಕೈಗೆ ಕೊಟ್ಟಳು. ಹೆಂಗಸರು ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದಾದ ನಂಬರು, ಕರೆದರೆ ಮನೆಗೆ ಬರುತ್ತಾರೆ ಎಂದು ದುಭಾಷಿ ಹೇಳಿದ. ಫೋನು ಇಡುವ ಮುನ್ನ, ಯಾರೂ ಕೇಳದಿದ್ದರೂ, ಹುಷಾರು ಅಕ್ಕ ಎಂದ. ಅವನ ಮುಖ ನಾನು ನೋಡಿಲ್ಲ, ಆದರೆ ಆ ದನಿಯನ್ನು ಮರೆತಿಲ್ಲ.

ಹೊರಗೆ ತಂಗಿಯ ಗಂಡ ಎರಡು ತಾಸಿನಿಂದ ಕಾದಿದ್ದ. ಒಬ್ಬನೇ. ತಂಗಿಗೆ ತಲೆನೋವು, ಮನೆಯಲ್ಲೇ ಇದ್ದಾಳೆ ಎಂದ. ಒಳಗೆ ಏನು ಕೇಳಿದರು ಎಂದು ವಿಚಾರಿಸಿದ, ಅಕ್ಕಿ ತಂದಿದ್ದಕ್ಕೆ ಬಯ್ದರು ಎಂದೆ. ಕಾರಿನಲ್ಲಿ ಕೂತ ಕೂಡಲೇ ನನ್ನ ಪಕ್ಕದ ಬಾಗಿಲು ತಾನೇ ಬೀಗ ಹಾಕಿಕೊಂಡಿತು. ಎಲ್ಲ ಕಾರುಗಳಲ್ಲೂ ಹಾಗೆಯೇ ಇರಬಹುದು. ಸ್ವಲ್ಪ ದೂರ ಹೋದ ಮೇಲೆ, ನಿಮ್ಮ ಪಾಸ್‌ಪೋರ್ಟ್ ಕೊಡಿ ದೀದಿ, ಇಲ್ಲಿ ಕಳೆದರೆ ಬಹಳ ತೊಂದರೆ, ಅವಳ ಪಾಸ್‌ಪೋರ್ಟಿನ ಜೊತೆ ಲಾಕರಿನಲ್ಲಿ ಇಡುತ್ತೇನೆ ಎಂದ. ನಾನು ನಾಚಿಕೊಂಡವಳಂತೆ, ಅದು ಲಂಗದ ಒಳಕಿಸೆಯಲ್ಲಿ ಹೊಲಿದು ಹೋಗಿದೆ, ನಿಮ್ಮೆದುರು ಹೇಗೆ ತೆಗೆಯಲಿ ಎಂದೆ. ಅವನು ನಕ್ಕು, ಮನೆಗೆ ಹೋದ ಮೇಲೆ ಕೊಡಿ ಎಂದ. ದಾರಿಯುದ್ದಕ್ಕೂ ಊರು ತೋರಿಸಿದ. ಮನೆಗಳು ವಿರಳವಾಗುತ್ತ ಹೋದವು. ಕೊನೆಗೆ ಹೊಸ ಬಡಾವಣೆಯೊಂದು ಬಂತು, ಅರ್ಧ ಕಟ್ಟಿದ ಮನೆಗಳ ಸಾಲು, ಕಿಟಕಿಗೆ ಗಾಜು ಇನ್ನೂ ಕೂರಿಸಿರಲಿಲ್ಲ. ವಾಸವಿದ್ದದ್ದು ಇವರ ಮನೆಯೊಂದೇ.

ಅವನು ಹೊರಗಿನಿಂದ ಬೀಗ ತೆಗೆದ. ತಂಗಿ ಒಳಗಿದ್ದಳು.

ಅವಳು ಅರ್ಧಕ್ಕರ್ಧ ಇಳಿದಿದ್ದಳು. ಬೆರಳ ತನಕ ಬರುವ ಉದ್ದ ತೋಳಿನ ಸ್ವೆಟರು, ಕಿವಿಯ ಮೇಲಕ್ಕೆ ಕತ್ತರಿಸಿದ ಕೂದಲು. ನನ್ನನ್ನು ಅಪ್ಪಿಕೊಂಡಾಗ ಬೆನ್ನಿನ ಮೂಳೆ ಕೈಗೆ ಸಿಕ್ಕಿತು. ಪ್ರಯಾಣ ಹೇಗಾಯಿತು ಎಂದು ಹಿಂದಿಯಲ್ಲಿ ಕೇಳಿದಳು. ಅವನು ಬಾಗಿಲಿಗೆ ಒಳಗಿನಿಂದಲೂ ಬೀಗ ಹಾಕಿ ಕೀಲಿಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಆ ಮನೆಯಲ್ಲಿ ಅವಳನ್ನು ಒಂದು ಕ್ಷಣವೂ ನನ್ನ ಜೊತೆ ಒಂಟಿಯಾಗಿ ಬಿಡುವುದಿಲ್ಲ ಎಂದು ಮೊದಲ ಹತ್ತು ನಿಮಿಷದಲ್ಲೇ ತಿಳಿಯಿತು. ಬಚ್ಚಲು ತೋರಿಸಲೂ ಅವನೇ ಬಂದ.

ನಾನು ಚಹಾ ಕುಡಿದೆ. ಆಮೇಲೆ ಅತಿ ಸಹಜವಾಗಿ, ನಮ್ಮ ಅವ್ವ ಒಂದು ಶಾಸ್ತ್ರ ಹೇಳಿ ಕಳಿಸಿದ್ದಾಳೆ, ಐದು ನಿಮಿಷದ ಕೆಲಸ, ಸ್ವಲ್ಪ ಅಕ್ಕಿ ಬೇಕು ಎಂದೆ. ಅವನಿಗೆ ಖುಷಿಯಾಯಿತು. ಅತ್ತೆಗೆ ಕಳಿಸುತ್ತೇನೆ ಎಂದು ಸೋಫಾದ ಮೇಲೆ ಕೂತು ಮೊಬೈಲ್ ಎತ್ತಿ ವಿಡಿಯೊ ಶುರುಮಾಡಿದ. ಹನ್ನೊಂದು ತಿಂಗಳಿಂದ ಕೆಟ್ಟಿದ್ದ ಕ್ಯಾಮೆರಾ ಈಗ ಚೆನ್ನಾಗಿಯೇ ಇತ್ತು.

ತಂಗಿಯನ್ನು ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಿದೆ. ಸೀರೆಯಿಲ್ಲದ್ದರಿಂದ ಅವಳು ಸ್ವೆಟರಿನ ಮುಂದಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲು ಮಾಡಿದಳು. ತೋಳು ಮೇಲೆ ಸರಿದಾಗ ಮಣಿಕಟ್ಟಿನ ಮೇಲಿನ ಗುರುತು ಕಂಡಿತು, ಬೇಗನೆ ಎಳೆದುಕೊಂಡಳು. ಮೊದಲು ಖಣ ಇಟ್ಟೆ. ಇಡುವಾಗ ಮಡಿಕೆಯೊಳಗಿನ ಕಾರ್ಡನ್ನು ಅವಳ ಹೆಬ್ಬೆರಳಿಗೆ ತಾಗಿಸಿದೆ. ಅವಳ ಕಣ್ಣು ಒಮ್ಮೆ ಕೆಳಗಿಳಿದು ಮತ್ತೆ ನನ್ನ ಮೇಲೆ ಬಂತು. ಆಮೇಲೆ ಅವಳ ಮನೆಯದೇ ಅಕ್ಕಿ, ತಟ್ಟೆಯಿಂದ ಒಂದೊಂದಾಗಿ ಐದು ಮುಷ್ಟಿ ಹಾಕಿದೆ. ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ಖಾಲಿಯಾದ ತಟ್ಟೆಯನ್ನು ಅವಳ ಮುಂದೆ ಹಿಡಿದೆ.

ಒಂದು ಚಿಟಿಕೆ ಕಾಳು ಮರಳಿ ಹಾಕಬೇಕಾದ ಹೊತ್ತು ಅದು. ಚಿಕ್ಕಂದಿನಿಂದ ಎಷ್ಟೋ ಸಲ ನೋಡಿದವಳು, ಮದುವೆಯ ಮನೆಯಿಂದ ಹೊರಡುವಾಗ ತಾನೇ ಹಾಕಿದವಳು, ಮರೆಯುವ ಮಾತಿಲ್ಲ. ಅವಳು ತಟ್ಟೆಯನ್ನು ನೋಡಿದಳು. ಸೋಫಾದ ಕಡೆ ನೋಡಿದಳು. ಆಮೇಲೆ ಸ್ವೆಟರಿನ ಅಂಚನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಒಟ್ಟು ಮಾಡಿ ಎದೆಗೆ ಒತ್ತಿಕೊಂಡಳು. ಅಷ್ಟು ವಾರಗಳ ಹೆದರಿಕೆಯಲ್ಲಿ ನನಗೆ ಮೊದಲ ಸಲ ಧೈರ್ಯ ಬಂದದ್ದು ಆಗ.

ಮುಗಿಯಿತೇ ಎಂದು ಅವನು ಮೊಬೈಲಿನ ಹಿಂದಿನಿಂದ ಕೇಳಿದ.

"ಮುಗೀತು," ಅಂದಳು ತಂಗಿ, ಕನ್ನಡದಲ್ಲಿ.

ನಾನು ತಟ್ಟೆಯನ್ನು ಒಳಗೆ ಒಯ್ದು ಇಟ್ಟೆ. ಅದರಲ್ಲಿ ಒಂದು ಕಾಳೂ ಇರಲಿಲ್ಲ.